ಮಧ್ಯಾಂಗಣದ ಆಟಗಾರ

ಕಾಲ್ಚೆಂಡಾಟವನ್ನು ನೋಡಲು ನೆರೆದ ಜನರ ದೃಷ್ಟಿ ಸಾಮಾನ್ಯವಾಗಿ ಗೋಲಿನ ಕಂಬಗಳ ಕಡೆಗೇ ನೆಟ್ಟಿರುತ್ತದೆ. ಚೆಂಡನ್ನು ಬಲೆಯೊಳಕ್ಕೆ ಹೊಡೆದವನ ಹೆಸರು ಮರುದಿನದ ಪತ್ರಿಕೆಗಳಲ್ಲಿ ದಪ್ಪ ಅಕ್ಷರಗಳಲ್ಲಿ ಅಚ್ಚಾಗುತ್ತದೆ. ಚೆಂಡನ್ನು ತಡೆದ ಗೋಲ್‌ಕೀಪರನಿಗೂ ಒಂದಿಷ್ಟು ಪ್ರಶಂಸೆ ಸಲ್ಲುತ್ತದೆ. ಆದರೆ ಆ ಚೆಂಡು ಅಲ್ಲಿಯವರೆಗೆ ಹೇಗೆ ಬಂದಿತು, ಯಾರ ಕಾಲಿನಿಂದ ಯಾರ ಕಾಲಿಗೆ ದಾಟಿತು ಎಂಬುದನ್ನು ನೆನಪಿನಲ್ಲಿಡುವವರು ವಿರಳ. ಮನೆಯ ಗೋಡೆಯ ಅಂದವನ್ನು ಹೊಗಳುವವರು ಅಡಿಪಾಯವನ್ನು ಕಾಣುವುದಿಲ್ಲವಷ್ಟೆ.

ಒಂದು ತಂಡದಲ್ಲಿ ಹನ್ನೊಂದು ಮಂದಿ ಆಟಗಾರರಿರುತ್ತಾರೆ. ಗೋಲನ್ನು ಕಾಯುವವನು ಒಬ್ಬ. ಅವನ ಮುಂದೆ ನಿಂತು ಎದುರಾಳಿಗಳನ್ನು ತಡೆಯುವವರು ರಕ್ಷಕರು. ಎಲ್ಲರಿಗಿಂತ ಮುಂದೆ ನಿಂತು ಗೋಲು ಹೊಡೆಯಲು ಹವಣಿಸುವವರು ಮುಂಪಡೆಯವರು. ಈ ಎರಡು ಪಂಕ್ತಿಗಳ ನಡುವಣ ವಿಶಾಲವಾದ ಬಯಲೇ ಮಧ್ಯಾಂಗಣ. ಅಲ್ಲಿ ಆಡುವವನನ್ನು ಮಿಡ್‌ಫೀಲ್ಡರ್ ಎಂದು ಕರೆಯುತ್ತಾರೆ. ರಕ್ಷಕರಿಂದ ಚೆಂಡನ್ನು ಪಡೆಯುವುದು, ಎದುರಾಳಿಗಳು ಮುತ್ತಿಗೆ ಹಾಕಿದರೂ ಅದನ್ನು ಕಳೆದುಕೊಳ್ಳದಿರುವುದು, ಸರಿಯಾದ ಗಳಿಗೆಯಲ್ಲಿ ಸರಿಯಾದ ಜೊತೆಗಾರನಿಗೆ ಅದನ್ನು ದಾಟಿಸುವುದು, ಇವು ಅವನ ಕರ್ತವ್ಯಗಳು. ಚೆಂಡು ಕಾಲಿಗೆ ಬರುವ ಮೊದಲೇ ಅದನ್ನು ಯಾರಿಗೆ ಕೊಡಬೇಕೆಂಬುದನ್ನು ಅವನು ನಿರ್ಧರಿಸಿರಬೇಕು. ಆದುದರಿಂದ ಮಧ್ಯಾಂಗಣದ ಆಟಗಾರನಿಗೆ ಕಾಲಿನ ವೇಗಕ್ಕಿಂತಲೂ ಕಣ್ಣಿನ ಚುರುಕು, ಮನಸ್ಸಿನ ಸ್ಥಿಮಿತ ಹೆಚ್ಚು ಅವಶ್ಯಕ. ಪಡೆದುದನ್ನು ಇನ್ನೊಬ್ಬರಿಗೆ ಒಪ್ಪವಾಗಿ ಕೊಡುವುದೇ ಅವನ ಕಲೆ.

ಈ ಕಲೆಯಲ್ಲಿ ಇಪ್ಪತ್ತೊಂದನೆಯ ಶತಮಾನದ ಆರಂಭದ ದಶಕಗಳಲ್ಲಿ ಸ್ಪೇನ್ ದೇಶದವರನ್ನು ಮೀರಿಸಿದವರು ಇರಲಿಲ್ಲ. ಆ ದೇಶದಲ್ಲಿ ಅನೇಕ ಮಹಾನ್ ಆಟಗಾರರು ಒಂದೇ ಕಾಲದಲ್ಲಿ ತಲೆಯೆತ್ತಿದರು. ಅವರಲ್ಲಿ ಸಾಂತಿ ಕಜೋರ್ಲಾ ಒಬ್ಬನು. ಆತನಿಗಿಂತ ಹೆಚ್ಚು ಪದಕಗಳನ್ನು ಗೆದ್ದವರು ಉಂಟು, ಹೆಚ್ಚು ಹೆಸರು ಗಳಿಸಿದವರೂ ಉಂಟು. ಆದರೆ ಆತನ ಬಾಳಿನ ಕಥೆಯಂತಹ ಕಥೆ ಕ್ರೀಡಾಲೋಕದಲ್ಲಿ ಮತ್ತೊಂದು ದೊರೆಯುವುದು ಕಷ್ಟ.

ಸ್ಪೇನಿನ ಉತ್ತರದ ಅಂಚಿನಲ್ಲಿ, ಬಿಸ್ಕೆ ಕೊಲ್ಲಿಯ ತೀರದಲ್ಲಿ ಆಸ್ತೂರಿಯಸ್ ಎಂಬ ಪ್ರಾಂತವಿದೆ. ಸ್ಪೇನ್ ಎಂದೊಡನೆ ಬಿಸಿಲು, ಒಣನೆಲ ನೆನಪಾಗುವುದಾದರೂ ಈ ಪ್ರಾಂತ ಮಳೆಯಿಂದ ತೊಯ್ದು ಹಸುರಾಗಿರುವ ಗುಡ್ಡಗಾಡು. ಕಲ್ಲಿದ್ದಲಿನ ಗಣಿಗಳಿಗೆ ಇದು ಬಹುಕಾಲ ಹೆಸರಾಗಿದ್ದಿತು. ಇದರ ರಾಜಧಾನಿ ಒವಿಯೆದೊ ನಗರ. ನಗರದ ನೆರೆಯಲ್ಲಿರುವ ಯಾನೆರಾ ಎಂಬಲ್ಲಿ 1984ರ ಡಿಸೆಂಬರ್ 13ರಂದು ಕಜೋರ್ಲಾ ಜನಿಸಿದನು. ಬಾಲ್ಯದಲ್ಲಿಯೇ ಆತನು ನಗರದ ಪ್ರಸಿದ್ಧ ಕ್ಲಬ್ಬಾದ ರಿಯಲ್ ಒವಿಯೆದೊವಿನ ಬಾಲಕರ ವಿಭಾಗವನ್ನು ಸೇರಿದನು. 1926ರಲ್ಲಿ ಸ್ಥಾಪನೆಯಾದ ಆ ಕ್ಲಬ್ಬಿನ ನೀಲಿ ಅಂಗಿಯನ್ನು ತೊಟ್ಟು ಹಿರಿಯರ ತಂಡದಲ್ಲಿ ಆಡಬೇಕೆಂಬುದು ಅಲ್ಲಿಯ ಹುಡುಗರೆಲ್ಲರ ಕನಸು. ಕಜೋರ್ಲಾನ ಕನಸೂ ಅದೇ ಆಗಿತ್ತು.

ಆದರೆ ವಿಧಿ ಬೇರೆಯೇ ಆಗಿತ್ತು. ಇದನ್ನು ತಿಳಿಯಬೇಕಾದರೆ ಅಲ್ಲಿಯ ಪದ್ಧತಿಯ ಪರಿಚಯ ಸ್ವಲ್ಪ ಬೇಕು. ಸ್ಪೇನಿನ ಕ್ಲಬ್ಬುಗಳು ಏಣಿಯ ಮೆಟ್ಟಿಲುಗಳಂತೆ ಒಂದರ ಕೆಳಗೊಂದಿರುವ ಶ್ರೇಣಿಗಳಲ್ಲಿ ಆಡುತ್ತವೆ. ಚೆನ್ನಾಗಿ ಆಡಿದ ಕ್ಲಬ್ಬು ಮುಂದಿನ ವರ್ಷ ಮೇಲಿನ ಶ್ರೇಣಿಗೆ ಏರುತ್ತದೆ. ಕೊನೆಯ ಸ್ಥಾನಗಳಲ್ಲಿ ಉಳಿದವು ಕೆಳಗಿನ ಶ್ರೇಣಿಗೆ ಇಳಿಯುತ್ತವೆ. ಒವಿಯೆದೊ 2001ರಲ್ಲಿ ಮೊದಲನೆಯ ಶ್ರೇಣಿಯಿಂದ ಇಳಿಯಿತು. 2003ರಲ್ಲಿ ಎರಡನೆಯದರಿಂದಲೂ ಜಾರಿತು. ಅಷ್ಟರಲ್ಲಿ ಸಾಲ ಬೆಳೆದು ಆಟಗಾರರಿಗೆ ಸಂಬಳ ಕೊಡಲಾಗದೆ, ಅದಕ್ಕೆ ದಂಡನೆಯಾಗಿ ಮತ್ತೂ ಒಂದು ಮೆಟ್ಟಿಲು ಕೆಳಕ್ಕೆ, ನಾಲ್ಕನೆಯ ಶ್ರೇಣಿಗೆ ತಳ್ಳಲ್ಪಟ್ಟಿತು. ಕ್ಲಬ್ಬು ಮುಳುಗುವ ಹಡಗಿನಂತಾಗಿತ್ತು. ಹದಿನೆಂಟು ವರ್ಷದ ಕಜೋರ್ಲಾ ಹಿರಿಯರ ತಂಡದಲ್ಲಿ ಒಂದು ಪಂದ್ಯವನ್ನೂ ಆಡದೆ ಊರು ಬಿಟ್ಟು, ದೇಶದ ಪೂರ್ವತೀರದ ವಿಯಾರಿಯಾಲ್ ಎಂಬ ಸಣ್ಣ ಪಟ್ಟಣದ ಕ್ಲಬ್ಬನ್ನು ಸೇರಬೇಕಾಯಿತು.

ಕಜೋರ್ಲಾನ ಎತ್ತರ ಐದೂವರೆ ಅಡಿ ಮಾತ್ರ. ಬಲಿಷ್ಠರಾದ ಎದುರಾಳಿಗಳನ್ನು ಮೈಬಲದಿಂದ ಎದುರಿಸುವುದು ಆತನಿಗೆ ಸಾಧ್ಯವಿರಲಿಲ್ಲ. ಆ ಕೊರತೆಯನ್ನು ಆತನು ಚಾತುರ್ಯದಿಂದ ತುಂಬಿಕೊಂಡನು. ಎಡಗಾಲು ಬಲಗಾಲು ಎರಡರಿಂದಲೂ ಆತನು ಒಂದೇ ಸಮನಾಗಿ ಚೆಂಡನ್ನು ಹೊಡೆಯಬಲ್ಲವನಾಗಿದ್ದನು. ಮೂಲೆಯ ಹೊಡೆತವನ್ನು ಒಮ್ಮೆ ಬಲಗಾಲಿನಿಂದ, ಮತ್ತೊಮ್ಮೆ ಎಡಗಾಲಿನಿಂದ ಹೊಡೆಯುತ್ತಿದ್ದ ಆತನನ್ನು ಕಂಡು, ಹುಟ್ಟಿನಿಂದ ಆತನ ಬಳಕೆಯ ಕಾಲು ಯಾವುದೆಂದು ನೋಡುವವರು ವಾದಿಸುತ್ತಿದ್ದರು. ಎದುರಾಳಿಗೂ ಇದೇ ತೊಡಕು. ಸಾಮಾನ್ಯ ಆಟಗಾರನು ಯಾವ ಕಡೆಗೆ ತಿರುಗುವನೆಂದು ಊಹಿಸಿ ತಡೆಯಬಹುದು. ಎರಡು ಕಡೆಗೂ ತಿರುಗಬಲ್ಲವನನ್ನು ತಡೆಯುವುದು ಹೇಗೆ?

2006ರಲ್ಲಿ ಆತನು ದಕ್ಷಿಣದ ಉಯೆಲ್ವಾ ನಗರದ ರೆಕ್ರಿಯಾತೀವೊ ಕ್ಲಬ್ಬಿಗೆ ಹೋಗಿ ಒಂದು ವರ್ಷ ಆಡಿದನು. ಮೇಲಿನ ಶ್ರೇಣಿಗೆ ಹೊಸದಾಗಿ ಬಂದಿದ್ದ ಆ ತಂಡ ಎಂಟನೆಯ ಸ್ಥಾನ ಗಳಿಸಿತು. ಮರುವರ್ಷ ವಿಯಾರಿಯಾಲ್ ಆತನನ್ನು ಮರಳಿ ಕರೆಸಿಕೊಂಡಿತು. 2007–08ರ ಲೀಗಿನಲ್ಲಿ ಆ ಚಿಕ್ಕ ಪಟ್ಟಣದ ತಂಡ ದೇಶದಲ್ಲಿಯೇ ಎರಡನೆಯ ಸ್ಥಾನಕ್ಕೇರಿತು. 2008ರ ಬೇಸಗೆಯಲ್ಲಿ ಯೂರೋಪಿನ ರಾಷ್ಟ್ರಗಳ ಪಂದ್ಯಾವಳಿ ನಡೆದಾಗ ಕಜೋರ್ಲಾ ಸ್ಪೇನ್ ತಂಡದಲ್ಲಿದ್ದನು. ಇಟಲಿಯ ವಿರುದ್ಧದ ಪಂದ್ಯ ಗೋಲಿಲ್ಲದೆ ಮುಗಿದು ಪೆನಾಲ್ಟಿ ಹೊಡೆತಗಳಿಂದ ಗೆಲುವನ್ನು ನಿರ್ಧರಿಸಬೇಕಾದಾಗ, ಆ ಹೊಣೆ ಹೊತ್ತವರಲ್ಲಿ ಈ ಇಪ್ಪತ್ತಮೂರು ವರ್ಷದ ಯುವಕನೂ ಒಬ್ಬನು. ಆತನ ಹೊಡೆತ ಗುರಿ ತಪ್ಪಲಿಲ್ಲ. ಸ್ಪೇನ್ ಮುಂದುವರಿದು, 44 ವರ್ಷಗಳ ಬಳಿಕ ಆ ಪ್ರಶಸ್ತಿಯನ್ನು ಗೆದ್ದಿತು. 2012ರಲ್ಲಿ ಅದೇ ಪ್ರಶಸ್ತಿಯನ್ನು ಉಳಿಸಿಕೊಂಡ ತಂಡದಲ್ಲಿಯೂ ಆತನಿದ್ದನು. ಆದರೆ ಈ ಎರಡರ ನಡುವೆ, 2010ರಲ್ಲಿ ಸ್ಪೇನ್ ಮೊದಲ ಬಾರಿಗೆ ವಿಶ್ವಕಪ್ಪನ್ನು ಗೆದ್ದಾಗ ಆತನು ತಂಡದಲ್ಲಿರಲಿಲ್ಲ. ಬೆನ್ನಿನ ತೊಂದರೆ ಆತನನ್ನು ಮನೆಯಲ್ಲಿ ಕೂರಿಸಿತ್ತು. ದೇಹ ಕೈಕೊಡುವುದೆಂದರೆ ಏನೆಂಬುದರ ಮೊದಲ ಪಾಠ ಅದು.

2011ರಲ್ಲಿ ಆತನು ಮಾಲಗಾ ಕ್ಲಬ್ಬಿಗೆ ಹೋದನು. ಆ ವರ್ಷ ಮಾಲಗಾ ನಾಲ್ಕನೆಯ ಸ್ಥಾನ ಪಡೆದು, ತನ್ನ ಚರಿತ್ರೆಯಲ್ಲಿ ಮೊದಲ ಸಲ ಯೂರೋಪಿನ ಅತ್ಯುನ್ನತ ಕ್ಲಬ್ ಪಂದ್ಯಾವಳಿಗೆ ಅರ್ಹತೆ ಗಳಿಸಿತು. ಆದರೆ ಅಲ್ಲಿಯೂ ಹಣದ ಮುಗ್ಗಟ್ಟು ತಲೆದೋರಿತು. 2012ರಲ್ಲಿ ಲಂಡನ್ನಿನ ಆರ್ಸೆನಲ್ ಕ್ಲಬ್ಬು ಆತನನ್ನು ಸೇರಿಸಿಕೊಂಡಿತು. ಇಂಗ್ಲೆಂಡಿನ ಆಟದಲ್ಲಿ ವೇಗವೂ ನೂಕುನುಗ್ಗಲೂ ಹೆಚ್ಚು. ಈ ಕುಳ್ಳ ಆಟಗಾರನಿಗೆ ಅಲ್ಲಿ ಕಾಲೂರುವುದು ಕಷ್ಟವೆಂದು ಯಾರಾದರೂ ಎಣಿಸಿದ್ದರೆ ಆಶ್ಚರ್ಯವಿಲ್ಲ. ಮೊದಲ ವರ್ಷವೇ ಆತನು ಲೀಗಿನ 38 ಪಂದ್ಯಗಳಲ್ಲಿಯೂ ಆಡಿ 12 ಗೋಲುಗಳನ್ನು ಗಳಿಸಿದನು. ಅಭಿಮಾನಿಗಳು ಆತನನ್ನು ವರ್ಷದ ಆಟಗಾರನೆಂದು ಆರಿಸಿದರು.

2014ರ ಮೇ 17ರಂದು ವೆಂಬ್ಲಿ ಕ್ರೀಡಾಂಗಣದಲ್ಲಿ ಎಫ್. ಎ. ಕಪ್ಪಿನ ಅಂತಿಮ ಪಂದ್ಯ ನಡೆಯಿತು. 1871ರಲ್ಲಿ ಆರಂಭವಾದ ಈ ಪಂದ್ಯಾವಳಿ ಕಾಲ್ಚೆಂಡಾಟದಲ್ಲಿ ಅತ್ಯಂತ ಹಳೆಯದು. ಆರ್ಸೆನಲ್ ಒಂಬತ್ತು ವರ್ಷಗಳಿಂದ ಯಾವ ದೊಡ್ಡ ಪ್ರಶಸ್ತಿಯನ್ನೂ ಕಂಡಿರಲಿಲ್ಲ. ಎದುರಾಳಿ ಹಲ್ ಸಿಟಿ ಮೊದಲ ಒಂಬತ್ತು ನಿಮಿಷಗಳೊಳಗೆ ಎರಡು ಗೋಲುಗಳನ್ನು ಹೊಡೆಯಿತು. ಆರ್ಸೆನಲ್ ಅಭಿಮಾನಿಗಳ ಎದೆ ಕುಸಿಯಿತು. ಹದಿನೇಳನೆಯ ನಿಮಿಷದಲ್ಲಿ ದೊರೆತ ಫ್ರೀ ಕಿಕ್ಕನ್ನು ಕಜೋರ್ಲಾ ಹೊಡೆದನು. ಚೆಂಡು ಎದುರಾಳಿಗಳ ಗೋಡೆಯನ್ನು ದಾಟಿ ಬಲೆಯ ಮೇಲಿನ ಭಾಗವನ್ನು ಸೇರಿತು. ಅಲ್ಲಿಂದ ತಂಡ ಚೇತರಿಸಿಕೊಂಡು, ಹೆಚ್ಚುವರಿ ಸಮಯದಲ್ಲಿ 3–2ರಿಂದ ಗೆದ್ದಿತು. ಗೆಲುವಿನ ಗೋಲು ಹೊಡೆದವನು ಬೇರೊಬ್ಬ. ಗೆಲ್ಲಬಹುದೆಂಬ ನಂಬಿಕೆಯನ್ನು ಹುಟ್ಟಿಸಿದವನು ಕಜೋರ್ಲಾ.

ಆದರೆ ಈ ಕೀರ್ತಿಯ ದಿನಗಳಲ್ಲಿಯೇ ಆತನು ಒಂದು ನೋವನ್ನು ನುಂಗಿಕೊಂಡಿದ್ದನು. 2013ರಲ್ಲಿ ಚಿಲಿ ದೇಶದ ವಿರುದ್ಧ ಆಡುವಾಗ ಆತನ ಬಲಗಾಲಿನ ಹರಡಿನ ಬಳಿ ಪೆಟ್ಟು ಬಿದ್ದಿತ್ತು. ಓಡುತ್ತಿರುವಷ್ಟು ಹೊತ್ತು ಅದು ಹೇಗೋ ಸಹ್ಯವಾಗುತ್ತಿತ್ತು. ವಿರಾಮದ ವೇಳೆಗೆ ಕಾಲು ತಣ್ಣಗಾದೊಡನೆ ನೋವು ಕಣ್ಣೀರು ತರಿಸುತ್ತಿತ್ತು. 2016ರ ಅಕ್ಟೋಬರ್ 19ರಂದು ಬಲ್ಗೇರಿಯದ ತಂಡವೊಂದರ ವಿರುದ್ಧ ಆಡುತ್ತಿದ್ದಾಗ ಆತನು ಕುಂಟುತ್ತ ಅಂಗಣದಿಂದ ಹೊರಬಂದನು. ಆರ್ಸೆನಲ್ ಪರವಾಗಿ ಆತನು ಆಡಿದ ಕೊನೆಯ ಪಂದ್ಯ ಅದೇ ಆಯಿತು.

ಶಸ್ತ್ರಚಿಕಿತ್ಸೆ ನಡೆಯಿತು. ಆದರೆ ಗಾಯ ಮಾಯಲಿಲ್ಲ. ಹೊಲಿಗೆ ಮತ್ತೆ ಮತ್ತೆ ಬಿಚ್ಚಿಕೊಂಡಿತು. ಮತ್ತೆ ಮತ್ತೆ ಶಸ್ತ್ರಚಿಕಿತ್ಸೆ ಮಾಡಬೇಕಾಯಿತು. ಗಾಯದೊಳಗೆ ರೋಗಾಣುಗಳು ಮನೆಮಾಡಿದ್ದವು. ಮನುಷ್ಯನ ಮೀನಖಂಡದ ಸ್ನಾಯುಗಳನ್ನು ಹಿಮ್ಮಡಿಯ ಎಲುಬಿಗೆ ಬಿಗಿದಿರುವ ದಪ್ಪನಾದ ಹುರಿಯೊಂದಿದೆ. ನಮ್ಮ ದೇಹದಲ್ಲಿ ಇಂತಹ ಹುರಿಗಳಲ್ಲೆಲ್ಲ ಅದೇ ಅತ್ಯಂತ ದಪ್ಪನೆಯದು, ಬಲವಾದುದು. ಹಿಮ್ಮಡಿಯೊಂದನ್ನು ಬಿಟ್ಟರೆ ಮೈಯಲ್ಲೆಲ್ಲ ಅಭೇದ್ಯನಾಗಿದ್ದನೆಂದು ಗ್ರೀಕರ ಪುರಾಣ ಹೇಳುವ ಅಕಿಲೀಸ್ ಎಂಬ ವೀರನ ಹೆಸರಿನಿಂದ ಅದನ್ನು ಕರೆಯುತ್ತಾರೆ. ನಾವು ನಡೆಯುವಾಗ, ಓಡುವಾಗ, ಮುಂಗಾಲಿನ ಮೇಲೆ ನಿಲ್ಲುವಾಗ ದೇಹದ ಭಾರವನ್ನು ಎತ್ತಿ ಮುಂದಕ್ಕೆ ತಳ್ಳುವುದು ಈ ಹುರಿಯೇ. 2017ರಲ್ಲಿ ಸ್ಪೇನಿನ ವಿಟೋರಿಯಾ ನಗರದ ವೈದ್ಯರು ಕಜೋರ್ಲಾನ ಕಾಲನ್ನು ಬಿಡಿಸಿ ನೋಡಿದಾಗ, ರೋಗಾಣುಗಳು ಆ ಹುರಿಯ ಸುಮಾರು 8 ಸೆಂಟಿಮೀಟರುಗಳಷ್ಟು ಭಾಗವನ್ನು ತಿಂದುಹಾಕಿದ್ದುದು ಕಂಡುಬಂದಿತು. ಸೋಂಕು ಇನ್ನೂ ಹರಡಿದ್ದರೆ ಕಾಲನ್ನೇ ಕಳೆದುಕೊಳ್ಳುವ ಭಯವಿತ್ತು.

ಇದಕ್ಕೆ ಮೊದಲು ಆತನನ್ನು ಪರೀಕ್ಷಿಸಿದ್ದ ವೈದ್ಯರು, ಮಗನೊಡನೆ ತೋಟದಲ್ಲಿ ಅಡ್ಡಾಡುವಷ್ಟು ಚೇತರಿಸಿಕೊಂಡರೆ ಅದಕ್ಕೇ ತೃಪ್ತನಾಗಬೇಕೆಂದು ತಿಳಿಸಿದ್ದರಂತೆ. ಮೂವತ್ತೆರಡು ವರ್ಷದ ಆಟಗಾರನಿಗೆ ಇದಕ್ಕಿಂತ ಕಠೋರವಾದ ಮಾತು ಯಾವುದಿದ್ದೀತು? ಆತನು ಕಾಲುಗಳಿಂದಲೇ ಬದುಕಿದವನು. ಆದರೂ ಕಜೋರ್ಲಾ ಎದೆಗುಂದಲಿಲ್ಲ. ವಿಟೋರಿಯಾದ ವೈದ್ಯರು ಸೋಂಕನ್ನು ತೊಲಗಿಸಿ ಹುರಿಯನ್ನು ಮತ್ತೆ ಕಟ್ಟಿದರು. ಹಿಮ್ಮಡಿಯ ಮೇಲೆ ಮುಚ್ಚಲು ಚರ್ಮವಿರಲಿಲ್ಲವಾಗಿ ಎಡ ಮುಂಗೈಯ ಚರ್ಮವನ್ನು ತೆಗೆದು ಅಲ್ಲಿ ಕಸಿ ಮಾಡಿದರು. ಆ ಕೈಯ ಮೇಲೆ ಆತನು ತನ್ನ ಮಗಳ ಹೆಸರನ್ನು ಹಚ್ಚೆ ಹಾಕಿಸಿಕೊಂಡಿದ್ದನು. ಹೀಗಾಗಿ ಆ ಹೆಸರಿನ ಕೆಲವು ಅಕ್ಷರಗಳು ಕೈಯಲ್ಲಿ ಉಳಿದು, ಮಿಕ್ಕವು ಹಿಮ್ಮಡಿಯನ್ನು ಸೇರಿದವು.

ಬಳಿಕ ಆರಂಭವಾದುದು ತಾಳ್ಮೆಯ ಪರೀಕ್ಷೆ. ಸಾಲಮಾಂಕಾ ನಗರದಲ್ಲಿ ಮನೆಯವರಿಂದ ದೂರವಿದ್ದು ಆತನು ಪ್ರತಿದಿನ ಗಂಟೆಗಟ್ಟಲೆ ವ್ಯಾಯಾಮ ಮಾಡಿದನು. ಮೊದಲು ಹೆಜ್ಜೆ, ಆಮೇಲೆ ನಡಿಗೆ, ಆಮೇಲೆ ಓಟ, ಕೊನೆಗೆ ಚೆಂಡು. ಎಳೆಯ ಮಗು ಕಲಿಯುವುದನ್ನೆಲ್ಲ ಆತನು ಎರಡನೆಯ ಸಲ ಕಲಿತನು. ಆತನು ಹಾಸಿಗೆ ಹಿಡಿದಿದ್ದ ಕಾಲದಲ್ಲಿ ಆರ್ಸೆನಲ್ ಕ್ಲಬ್ಬು ಆತನ ಒಪ್ಪಂದವನ್ನು ಒಂದು ವರ್ಷ ಮುಂದುವರಿಸಿತು ಎಂಬುದನ್ನು ಇಲ್ಲಿ ನೆನೆಯಬೇಕು. ಆ ಒಪ್ಪಂದ 2018ರಲ್ಲಿ ಮುಗಿಯಿತು. ವಿಯಾರಿಯಾಲ್ ತನ್ನ ಹಳೆಯ ಆಟಗಾರನಿಗೆ ಬಾಗಿಲು ತೆರೆಯಿತು. 2018ರ ಜುಲೈ 17ರಂದು, 636 ದಿನಗಳ ಬಳಿಕ, ಕಜೋರ್ಲಾ ಮತ್ತೆ ಅಂಗಣಕ್ಕೆ ಇಳಿದನು.

ಕರುಣೆಯಿಂದ ದೊರೆತ ಸ್ಥಾನ ಅದೆಂದು ಯಾರೂ ಹೇಳುವಂತಿರಲಿಲ್ಲ. 2019ರ ಜನವರಿಯಲ್ಲಿ ರಿಯಲ್ ಮ್ಯಾಡ್ರಿಡ್ ವಿರುದ್ಧದ ಪಂದ್ಯ 2–2ರಲ್ಲಿ ಸಮವಾದಾಗ ವಿಯಾರಿಯಾಲಿನ ಎರಡು ಗೋಲುಗಳನ್ನೂ ಹೊಡೆದವನು ಆತನೇ. ಅದೇ ವರ್ಷದ ಜೂನ್ ತಿಂಗಳಲ್ಲಿ, ಮೂರೂವರೆ ವರ್ಷಗಳ ಅಂತರದ ನಂತರ, ಆತನು ಸ್ಪೇನ್ ದೇಶದ ಅಂಗಿಯನ್ನು ಪುನಃ ತೊಟ್ಟನು. 2019–20ರಲ್ಲಿ ಲೀಗಿನಲ್ಲಿ 11 ಗೋಲುಗಳನ್ನು ಗಳಿಸಿ ತಂಡವನ್ನು ಐದನೆಯ ಸ್ಥಾನಕ್ಕೆ ಒಯ್ಯಲು ನೆರವಾದನು. ಅನಂತರ ಮೂರು ವರ್ಷ ಕತಾರ್ ದೇಶದ ಅಲ್ ಸದ್ ಕ್ಲಬ್ಬಿನಲ್ಲಿ ಆಡಿದನು. ಅಲ್ಲಿ ಆತನ ಮೊದಲ ತರಬೇತುದಾರನಾಗಿದ್ದವನು ಸ್ಪೇನ್ ತಂಡದ ಹಳೆಯ ಜೊತೆಗಾರ ಚಾವಿ. ವಯಸ್ಸು ಮೂವತ್ತೆಂಟಾಯಿತು. ಬಹುಮಂದಿ ಆಟಗಾರರು ಆ ವಯಸ್ಸಿಗೆ ಮೊದಲೇ ಆಟಕ್ಕೆ ವಿದಾಯ ಹೇಳಿರುತ್ತಾರೆ.

ಈಗ ನಾವು ಒವಿಯೆದೊವಿಗೆ ಹಿಂದಿರುಗೋಣ. ನಾಲ್ಕನೆಯ ಶ್ರೇಣಿಗೆ ಬಿದ್ದ ಆ ಕ್ಲಬ್ಬನ್ನು ಊರಿನ ಜನ ಕೈಬಿಟ್ಟಿರಲಿಲ್ಲ. ಸಣ್ಣಪುಟ್ಟ ಊರುಗಳ ತಂಡಗಳೊಡನೆ ಆಡುವ ಪಂದ್ಯಗಳಿಗೂ ಸಾವಿರಾರು ಮಂದಿ ಬರುತ್ತಿದ್ದರು. 2012ರ ನವೆಂಬರಿನಲ್ಲಿ ಹಣವಿಲ್ಲದೆ ಕ್ಲಬ್ಬು ಶಾಶ್ವತವಾಗಿ ಮುಚ್ಚುವ ಸ್ಥಿತಿ ಬಂದೊದಗಿತು. ಆಗ ಕ್ಲಬ್ಬು ತನ್ನ ಷೇರುಗಳನ್ನು ಜನರ ಮುಂದಿಟ್ಟಿತು. ಒಂದೊಂದು ಷೇರಿನ ಬೆಲೆ ಹನ್ನೊಂದು ಯೂರೋಗಳಿಗೂ ಕಡಿಮೆ. ಊರಿನವರು ಕೊಂಡರು, ಒವಿಯೆದೊವನ್ನು ಕಂಡೇ ಇಲ್ಲದ ಹೊರದೇಶಗಳ ಅಭಿಮಾನಿಗಳೂ ಕೊಂಡರು. ಬಾಲ್ಯದಲ್ಲಿ ಅಲ್ಲಿ ಆಟ ಕಲಿತು ದೊಡ್ಡವರಾಗಿದ್ದ ಆಟಗಾರರು ಮುಂದೆ ಬಂದು ಹಣ ಹೂಡಿದರು. ಅವರಲ್ಲಿ ಕಜೋರ್ಲಾ ಒಬ್ಬನು. ಕೊನೆಗೆ ಮೆಕ್ಸಿಕೊ ದೇಶದ ಉದ್ಯಮಿಯೊಬ್ಬನ ಸಂಸ್ಥೆಯೂ ನೆರವಾಗಿ ಕ್ಲಬ್ಬು ಉಳಿಯಿತು. ಹನಿಗೂಡಿ ಹಳ್ಳವೆಂಬ ಗಾದೆ ಅಲ್ಲಿ ನಿಜವಾಯಿತು. 2015ರಲ್ಲಿ ಅದು ಎರಡನೆಯ ಶ್ರೇಣಿಗೆ ಏರಿತು.

2023ರ ಆಗಸ್ಟಿನಲ್ಲಿ ಕಜೋರ್ಲಾ ರಿಯಲ್ ಒವಿಯೆದೊವನ್ನು ಸೇರಿದನು. ಬಿಟ್ಟುಹೋಗಿ ಇಪ್ಪತ್ತು ವರ್ಷಗಳಾಗಿದ್ದವು. ಸಂಬಳವಿಲ್ಲದೆ ಆಡಲು ಆತನು ಸಿದ್ಧನಾಗಿದ್ದನು. ನಿಯಮಗಳು ಅದಕ್ಕೆ ಅವಕಾಶ ಕೊಡಲಿಲ್ಲ. ಆದ್ದರಿಂದ ನಿಯಮದಂತೆ ಕೊಡಲೇಬೇಕಾದ ಕನಿಷ್ಠ ಸಂಬಳವನ್ನು ಮಾತ್ರ ಒಪ್ಪಿಕೊಂಡನು. ತನ್ನ ಹೆಸರಿನ ಅಂಗಿಗಳ ಮಾರಾಟದಿಂದ ಬರುವ ಹಣದಲ್ಲಿ ಶೇಕಡ 10 ಭಾಗ ಕ್ಲಬ್ಬಿನ ಬಾಲಕರ ವಿಭಾಗಕ್ಕೆ ಸಲ್ಲಬೇಕೆಂದು ಏರ್ಪಾಡು ಮಾಡಿಸಿದನು. ತಾನು ಚೆಂಡನ್ನು ಹಿಡಿತದಲ್ಲಿಡಲು ಕಲಿತದ್ದು ಎಲ್ಲಿ ಎಂಬುದನ್ನು ಆತನು ಮರೆತಿರಲಿಲ್ಲ.

ಮೊದಲ ವರ್ಷ ಬಾಗಿಲವರೆಗೆ ಹೋಗಿಯೂ ತಂಡ ಹಿಂದಿರುಗಬೇಕಾಯಿತು. 2024ರ ಜೂನಿನಲ್ಲಿ ಮೇಲೇರುವ ಕೊನೆಯ ಅವಕಾಶದ ಪಂದ್ಯವನ್ನು ಒವಿಯೆದೊ ಎಸ್ಪಾನ್ಯೋಲ್ ತಂಡಕ್ಕೆ ಸೋತಿತು. ಮರುವರ್ಷ ಮತ್ತೆ ಅದೇ ಹಂತಕ್ಕೆ ಬಂದಿತು. ಈ ಹಂತದಲ್ಲಿ ಎರಡು ತಂಡಗಳು ಒಂದೊಂದರ ಊರಿನಲ್ಲಿ ಒಂದೊಂದು ಪಂದ್ಯ ಆಡುತ್ತವೆ. ಎರಡರ ಗೋಲುಗಳನ್ನೂ ಕೂಡಿಸಿ ಗೆದ್ದವರನ್ನು ನಿರ್ಧರಿಸುತ್ತಾರೆ. ಮಿರಾಂದೇಸ್ ತಂಡದ ಊರಿನಲ್ಲಿ ನಡೆದ ಮೊದಲ ಪಂದ್ಯದಲ್ಲಿ ಒವಿಯೆದೊ 0–1ರಿಂದ ಸೋತಿತು. 2025ರ ಜೂನ್ 21ರಂದು ಸ್ವಂತ ಊರಿನ ಕಾರ್ಲೊಸ್ ತಾರ್ತಿಯೆರೆ ಕ್ರೀಡಾಂಗಣದಲ್ಲಿ ಎರಡನೆಯ ಪಂದ್ಯ. ಅಲ್ಲಿಯೂ ಮೊದಲ ಗೋಲು ಎದುರಾಳಿಯದೇ. ಕೂಡಿಸಿದರೆ ಎರಡು ಗೋಲುಗಳ ಹಿನ್ನಡೆ. ಆಗ ಒವಿಯೆದೊವಿಗೆ ಒಂದು ಪೆನಾಲ್ಟಿ ದೊರೆಯಿತು. ಚೆಂಡಿನ ಮುಂದೆ ನಿಂತವನು ನಲವತ್ತು ವರ್ಷದ ಕಜೋರ್ಲಾ. ಆತನ ಹೊಡೆತ ಬಲೆಯನ್ನು ಸೇರಿತು. ಎರಡನೆಯ ಅರ್ಧದಲ್ಲಿ ಒಂದು, ಹೆಚ್ಚುವರಿ ಸಮಯದಲ್ಲಿ ಇನ್ನೊಂದು ಗೋಲು ಬಂದು ಒವಿಯೆದೊ 3–1ರಿಂದ ಗೆದ್ದಿತು. ಇಪ್ಪತ್ತನಾಲ್ಕು ವರ್ಷಗಳ ಬಳಿಕ ಆ ಕ್ಲಬ್ಬು ಮೊದಲನೆಯ ಶ್ರೇಣಿಗೆ ಏರಿತು. ಊರಿಗೆ ಊರೇ ಬೀದಿಗಿಳಿದು ಕುಣಿಯಿತು. ಕಜೋರ್ಲಾ ಒಪ್ಪಂದವನ್ನು ಮತ್ತೊಂದು ವರ್ಷಕ್ಕೆ ನವೀಕರಿಸಿದನು.

ಈ ಚರಿತ್ರೆಯಿಂದ ನಾವು ತಿಳಿಯಬೇಕಾದುದೇನು? ಹಟ ಹಿಡಿದರೆ ಎಲ್ಲವೂ ಸಾಧ್ಯವೆಂದು ಹೇಳುವುದು ಸುಲಭ. ಆದರೆ ಅದು ಪೂರ್ಣ ಸತ್ಯವಲ್ಲ. ಕಜೋರ್ಲಾನ ಛಲ ದೊಡ್ಡದೇ ಸರಿ. ಆದರೆ ನಿಪುಣರಾದ ವೈದ್ಯರು, ಗಾಯಾಳುವನ್ನು ಕೈಬಿಡದ ಒಂದು ಕ್ಲಬ್ಬು, ಮರಳಿ ಕರೆದ ಇನ್ನೊಂದು ಕ್ಲಬ್ಬು ಇಲ್ಲದಿದ್ದರೆ ಆ ಛಲ ಎಲ್ಲಿಗೆ ಮುಟ್ಟುತ್ತಿತ್ತೊ ಹೇಳಲಾಗದು. ಮುಳುಗುತ್ತಿದ್ದ ಒವಿಯೆದೊವಿಗೂ ಬಹು ಜನರ ಕೈಗಳು ಬೇಕಾದವು. ಮಧ್ಯಾಂಗಣದ ಆಟಗಾರನು ಚೆಂಡನ್ನು ತನ್ನಲ್ಲಿಯೇ ಇಟ್ಟುಕೊಂಡರೆ ಆಟ ನಿಂತುಹೋಗುತ್ತದೆ. ಜೊತೆಗಾರರಿಂದ ಅದನ್ನು ಪಡೆಯಬೇಕು, ಕಾಪಾಡಬೇಕು, ಮುಂದಿನವನಿಗೆ ಕೊಡಬೇಕು. ಕಜೋರ್ಲಾ ಅಂಗಣದಲ್ಲಿ ಮಾಡಿದ್ದೂ ಇದನ್ನೇ, ಅಂಗಣದ ಹೊರಗೆ ಮಾಡಿದ್ದೂ ಇದನ್ನೇ. ಆತನ ಅಂಗಿಗಳಿಂದ ಬಂದ ಹಣದ ಒಂದು ಪಾಲಿನ ನೆರವಿನಿಂದ ಒವಿಯೆದೊವಿನ ಹುಡುಗರು ಆಟ ಕಲಿತರು. ಅವರಲ್ಲಿ ಯಾರು ಮುಂದೆ ದೊಡ್ಡ ಆಟಗಾರರಾಗುವರೊ ಯಾರೂ ಅರಿಯರು. ಆದರೆ ಚೆಂಡು ಅವರ ಕಾಲಿಗೆ ದಾಟಿದೆ.